ಮನೆಯನ್ನು ಮಾರಾಟಕ್ಕೆ ಸಿದ್ಧಗೊಳಿಸುವುದು: ಬಣ್ಣಕ್ಕಿಂತ ಮೊದಲು ಮುಗಿಸಬೇಕಾದ ಕೆಲಸಗಳು

ಮನೆ ಮಾರಲು ತೀರ್ಮಾನಿಸಿದ ಹೆಚ್ಚಿನವರು ಮೊದಲು ಕರೆಸುವುದು ಬಣ್ಣ ಬಳಿಯುವವರನ್ನು. ಗೋಡೆ ಹೊಳೆದರೆ ಬೆಲೆ ಏರುತ್ತದೆ ಎಂಬ ಲೆಕ್ಕ ಅದರ ಹಿಂದಿರುತ್ತದೆ. ಆದರೆ ಮನೆ ನೋಡಲು ಬಂದವರ ಕಡೆಯಿಂದ ಒಮ್ಮೆ ಯೋಚಿಸಬೇಕು. ಹದಿನೈದು ವರ್ಷ ಹಳೆಯ ಮನೆಯಲ್ಲಿ ಒಂದು ಗೋಡೆಯಿಂದ ಮಾತ್ರ ಹೊಸ ಬಣ್ಣದ ವಾಸನೆ ಬರುತ್ತಿದ್ದರೆ, ಆ ಗೋಡೆಯ ಹಿಂದೆ ಏನಿದೆ ಎಂಬ ಪ್ರಶ್ನೆಯೇ ಅವರ ಮನಸ್ಸಿನಲ್ಲಿ ಮೊದಲು ಏಳುತ್ತದೆ. ನಾನು ಕೊಳ್ಳುವವನಾಗಿ ನೋಡಲು ಹೋಗಿದ್ದ ಒಂದು ಮನೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಮಲಗುವ ಕೋಣೆಯ ಬೀರು ಮಾತ್ರ ಕಿಟಕಿಗೆ ಅರ್ಧ ಅಡ್ಡವಾಗಿ, ಅಲ್ಲಿ ಇರಲು ಯಾವ ಕಾರಣವೂ ಇಲ್ಲದಂತೆ ನಿಂತಿತ್ತು. ಅದರ ಹಿಂದೆ ಇಣುಕಿದಾಗ ಕಂಡದ್ದು ಅಂಗೈ ಅಗಲದ ತೇವದ ಕಲೆ. ಅದನ್ನು ಸರಿಪಡಿಸಲು ಎರಡು ದಿನದ ಕೆಲಸ ಸಾಕಾಗುತ್ತಿತ್ತೇನೋ, ಆದರೆ ಆ ಬೀರುವನ್ನು ನೋಡಿದ ಮೇಲೆ ಆ ಮನೆಯ ಬೇರೆ ಯಾವ ಗೋಡೆಯನ್ನೂ ನಂಬಲು ನನಗೆ ಸಾಧ್ಯವಾಗಲಿಲ್ಲ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಿದ್ದು ಇದೇ ಸಂಗತಿಯನ್ನು. ವಸ್ತುವಿನ ನಿಜಸ್ಥಿತಿ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ, ಕೊಳ್ಳುವವನು ಒಳ್ಳೆಯ ವಸ್ತುವಿಗೂ ಒಳ್ಳೆಯ ಬೆಲೆ ಕೊಡಲು ಹಿಂಜರಿಯುತ್ತಾನೆ. 2001ರಲ್ಲಿ ಅವರಿಗೆ ನೊಬೆಲ್ ಗೌರವ ದೊರೆತದ್ದು ಈ ಬಗೆಯ ವಿಶ್ಲೇಷಣೆಗಾಗಿಯೇ. ಮನೆಯ ವಿಷಯದಲ್ಲಿ ಇದರ ಅರ್ಥ ಸರಳವಾಗಿದೆ: ಕೊಳ್ಳುವವರು ಕಣ್ಣಿಗೆ ಕಾಣುವ ದೋಷಕ್ಕೆ ಅದರ ದುರಸ್ತಿಯ ಖರ್ಚನ್ನಷ್ಟೇ ಕಳೆಯುತ್ತಾರೆ, ಅನುಮಾನಕ್ಕಾದರೆ ಅದರ ಹಲವು ಪಟ್ಟು ಕಳೆಯುತ್ತಾರೆ. ಆದ್ದರಿಂದ ಸಿದ್ಧತೆಯ ಕೆಲಸಗಳನ್ನು ಅನುಮಾನದ ಗಾತ್ರಕ್ಕೆ ತಕ್ಕಂತೆ ಜೋಡಿಸಿಕೊಳ್ಳಬೇಕು. ನೀರು, ಬಿರುಕು, ವಿದ್ಯುತ್ತು ಮತ್ತು ದಾಖಲೆಗಳು ಮೊದಲು, ಅಂದಚೆಂದ ಆಮೇಲೆ. ಇದಕ್ಕೆ ಎರಡು ಮೂರು ತಿಂಗಳ ಅವಧಿಯಾದರೂ ಇರಲಿ, ಏಕೆಂದರೆ ಇವುಗಳಲ್ಲಿ ಕೆಲವು ಕೆಲಸಗಳು ಒಣಗುವುದಕ್ಕೇ ವಾರಗಳನ್ನು ಬೇಡುತ್ತವೆ.

ಪರಕೀಯರ ಕಣ್ಣಿನಿಂದ ಒಂದು ಸುತ್ತು

ಮನೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಅದರ ಕುಂದುಗಳು ಕಾಣದೆ ಹೋಗುತ್ತವೆ. ಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದರೆ ಮಾತ್ರ ಅಗುಳಿ ಬೀಳುತ್ತದೆ ಎಂಬುದು ಕೈಗೆ ರೂಢಿಯಾಗಿರುತ್ತದೆ, ಮನಸ್ಸಿಗೆ ಅದೊಂದು ದೋಷವೆಂದು ತೋರುವುದೇ ಇಲ್ಲ. ಸ್ವಂತದ್ದೆಂಬ ಭಾವ ಬೆಲೆಯ ಅಂದಾಜನ್ನೂ ತಪ್ಪಿಸುತ್ತದೆ. ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಗ ತಾನೇ ಕೈಗೆ ಬಂದ ಸಾಮಾನ್ಯ ಕಾಫಿ ಲೋಟಕ್ಕೆ ಅದರ ಒಡೆಯರು ಕೇಳಿದ ಬೆಲೆ, ಲೋಟವಿಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೆಲವು ನಿಮಿಷಗಳ ಒಡೆತನವೇ ಹೀಗೆ ಮಾಡುವುದಾದರೆ, ಮಕ್ಕಳು ಬೆಳೆದ ಮನೆಯ ಬಗ್ಗೆ ಒಡೆಯರ ಅಂದಾಜು ಎಷ್ಟು ವಾಲಿರಬಹುದೆಂದು ಊಹಿಸಬಹುದು.

ಹೀಗಾಗಿ ನೋಟುಪುಸ್ತಕವೊಂದನ್ನು ಹಿಡಿದು ಮನೆಯ ಹೊರಗಿನಿಂದ, ಬರುವವರು ಬರುವ ದಾರಿಯಲ್ಲೇ ನಡೆದು ಒಳಕ್ಕೆ ಬನ್ನಿ. ಪ್ರತಿ ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು, ಮೊದಲು ಕಣ್ಣಿಗೆ ಬಿದ್ದದ್ದನ್ನು ಬರೆದುಕೊಳ್ಳಿ. ಪ್ರತಿಯೊಂದು ಬಾಗಿಲು, ಕಿಟಕಿ, ನಲ್ಲಿ, ಸ್ವಿಚ್ಚು ಮತ್ತು ಸೆಳೆಖಾನೆಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿ. ಇದನ್ನು ಒಮ್ಮೆ ಬೆಳಗಿನ ಬೆಳಕಿನಲ್ಲಿ, ಒಮ್ಮೆ ಕತ್ತಲಾದ ಮೇಲೆ, ಸಾಧ್ಯವಾದರೆ ಒಮ್ಮೆ ಜೋರು ಮಳೆ ಸುರಿಯುವಾಗ ಮಾಡಬೇಕು. ಮೂಗು ಯಾವುದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುವುದರಿಂದ ವಾಸನೆಯ ಪರೀಕ್ಷೆ ಮನೆಯವರಿಂದ ಆಗುವುದಿಲ್ಲ. ನಾಲ್ಕಾರು ದಿನ ಬೇರೆಡೆ ಇದ್ದು ಹಿಂತಿರುಗಿದಾಗ ಬಾಗಿಲು ತೆರೆದ ಮೊದಲ ಕ್ಷಣದಲ್ಲಿ ಏನು ತಿಳಿಯುತ್ತದೆಯೋ ಅದು ನಿಜ. ಇಲ್ಲವಾದರೆ ಮುಖದಾಕ್ಷಿಣ್ಯವಿಲ್ಲದೆ ಮಾತಾಡುವ ಒಬ್ಬ ಪರಿಚಿತರನ್ನು ಕರೆದು ಅವರು ಹೇಳಿದ್ದನ್ನು ವಾದ ಮಾಡದೆ ಬರೆದುಕೊಳ್ಳುವುದು ಒಳ್ಳೆಯದು. ವಾದ ಮಾಡದೆ ಎಂಬುದೇ ಇಲ್ಲಿ ಕಷ್ಟದ ಭಾಗ.

ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ

ಮನೆ ಕೊಳ್ಳುವವರನ್ನು ಅತಿ ಹೆಚ್ಚು ಹೆದರಿಸುವುದು ತೇವ. ಬಿರುಕಿಗೆ ಒಂದು ಅಳತೆಯಿದೆ, ಹಳೆಯ ತಂತಿಗೆ ಒಂದು ಖರ್ಚಿದೆ. ತೇವ ಮಾತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಹೆಚ್ಚು ಸಮಯ ಮೀಸಲಿಡಬೇಕು.

ಮೊದಲ ಪರೀಕ್ಷೆ ನೀರಿನ ಮೀಟರಿನದು. ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ತೊಟ್ಟಿ ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮೀಟರಿನ ಅಂಕಿಯನ್ನು ಬರೆದಿಡಿ. ಎರಡು ಗಂಟೆ ಯಾರೂ ನೀರು ಬಳಸದೆ ಇದ್ದು ಮತ್ತೆ ನೋಡಿದಾಗ ಅಂಕಿ ಬದಲಾಗಿದ್ದರೆ ಎಲ್ಲೋ ಸೋರಿಕೆಯಿದೆ. ಶೌಚಾಲಯದ ಫ್ಲಷ್ ತೊಟ್ಟಿಯ ಸೋರಿಕೆ ಸದ್ದಿಲ್ಲದ್ದು. ಅದರೊಳಗೆ ಆಹಾರಕ್ಕೆ ಬಳಸುವ ಬಣ್ಣದ ಕೆಲವು ಹನಿ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಫ್ಲಷ್ ಮಾಡದೆ ಬಿಟ್ಟಾಗ ಕೆಳಗಿನ ಬಟ್ಟಲಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಮುಚ್ಚಳ ಸವೆದಿದೆ ಎಂದು ಅರ್ಥ. ನಲ್ಲಿಯಿಂದ ಸೆಕೆಂಡಿಗೆ ಒಂದರಂತೆ ತೊಟ್ಟಿಕ್ಕುವ ಹನಿ ವರ್ಷಕ್ಕೆ ಹತ್ತು ಸಾವಿರ ಲೀಟರಿಗೂ ಮೀರಿದ ನೀರಾಗುತ್ತದೆ. ಕೊಳ್ಳುವವರು ಆ ಲೆಕ್ಕ ಹಾಕದಿದ್ದರೂ, ತೊಟ್ಟಿಕ್ಕುವ ನಲ್ಲಿಯನ್ನು ಕಂಡವರು ಈ ಮನೆಯನ್ನು ಯಾರೂ ಗಮನಿಸಿಕೊಂಡಿಲ್ಲವೆಂದು ತೀರ್ಮಾನಿಸುತ್ತಾರೆ.

ಗೋಡೆಯಲ್ಲಿ ತೇವ ಕಂಡರೆ ಅದು ಗೋಡೆಯೊಳಗಿಂದ ಬಂದದ್ದೋ, ಕೋಣೆಯ ಗಾಳಿಯ ತೇವಾಂಶ ತಣ್ಣನೆಯ ಗೋಡೆಗೆ ತಾಗಿ ಇಬ್ಬನಿಗಟ್ಟಿದ್ದೋ ಎಂಬುದನ್ನು ಮೊದಲು ತಿಳಿಯಬೇಕು. ಎರಡರ ಚಿಕಿತ್ಸೆಯೂ ಬೇರೆ. ಸುಮಾರು 45 ಸೆಂಟಿಮೀಟರ್ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿಗಳು ಕೂಡಿದ್ದರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಗಿನ ಮೈಯಲ್ಲಿ ಹನಿಗಟ್ಟಿದ್ದರೆ ಬೇಕಾದದ್ದು ಗಾಳಿಯ ಓಡಾಟ. ಎರಡನೆಯದಕ್ಕೆ ಬಚ್ಚಲಿನ ಮತ್ತು ಅಡುಗೆಮನೆಯ ಹೊಗೆಫ್ಯಾನುಗಳನ್ನು ಸರಿಪಡಿಸಿ, ಒಳಗಿನ ತೇವಾಂಶ 60 ಪ್ರತಿಶತಕ್ಕಿಂತ ಕೆಳಗಿರುವಂತೆ ನೋಡಿಕೊಂಡರೆ ಬಹುಮಟ್ಟಿಗೆ ಸಾಕಾಗುತ್ತದೆ. ಮೊದಲನೆಯದಕ್ಕೆ ನೀರಿನ ಮೂಲವನ್ನು ಹುಡುಕದೆ ಬೇರೆ ದಾರಿಯಿಲ್ಲ. ಚಾವಣಿಯ ಮೇಲೆ ಕಟ್ಟಿಕೊಂಡ ಮಳೆನೀರಿನ ಕೊಳವೆ, ಕಿಟಕಿಯ ಚೌಕಟ್ಟಿನ ಸುತ್ತ ಒಡೆದ ಗಾರೆ, ಬಚ್ಚಲಿನ ಟೈಲ್ಸ್ ನಡುವೆ ಉದುರಿದ ಗ್ರೌಟ್, ಗೋಡೆಯ ಬುಡಕ್ಕೆ ಇಳಿಜಾರಾಗಿರುವ ಹೊರಗಿನ ನೆಲ, ಇವೇ ಸಾಮಾನ್ಯವಾದ ಅಪರಾಧಿಗಳು. ಸೋರಿಕೆಯ ಕಲೆ ಕಂಡ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ, ಏಕೆಂದರೆ ನೀರು ತೊಲೆಯನ್ನೋ ಕೊಳವೆಯನ್ನೋ ಹಿಡಿದು ದೂರಕ್ಕೆ ಹರಿದು ಬಂದು ಇಳಿಯುತ್ತದೆ. ಚಪ್ಪಟೆ ಚಾವಣಿಯ ಮೇಲೆ ನೀರು ನಿಲ್ಲಿಸಿ ಪರೀಕ್ಷಿಸುವವರು ಒಂದು ಲೆಕ್ಕವನ್ನು ನೆನಪಿಡಬೇಕು: 25 ಮಿಲಿಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 25 ಕಿಲೋಗ್ರಾಂ ಭಾರ ಹಾಕುತ್ತದೆ. ಹಳೆಯ ಚಾವಣಿಯಾದರೆ ತಿಳಿದವರನ್ನು ಕೇಳಿಯೇ ಈ ಪರೀಕ್ಷೆಗೆ ಇಳಿಯಬೇಕು.

ಗೋಡೆಯ ಮೇಲೆ ಬಿಳಿಯ ಪುಡಿ ಅರಳಿದ್ದರೆ ಅದು ಗಾರೆ ಮತ್ತು ಇಟ್ಟಿಗೆಯೊಳಗಿನ ಲವಣ. ನೀರು ಅದನ್ನು ಕರಗಿಸಿ ಹೊರಗೆ ತಂದು, ತಾನು ಆವಿಯಾಗಿ ಲವಣವನ್ನು ಮೇಲ್ಮೈಯಲ್ಲಿ ಬಿಟ್ಟುಹೋಗಿರುತ್ತದೆ. ಇದನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನೀರಿನಿಂದ ತೊಳೆದರೆ ಲವಣ ಮತ್ತೆ ಗೋಡೆಯೊಳಕ್ಕೆ ಇಳಿದು, ಒಣಗಿದ ಮೇಲೆ ಪುನಃ ಹೊರಬರುತ್ತದೆ. ನೀರಿನ ಮೂಲ ನಿಲ್ಲದೆ ಇದರ ಮೇಲೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಕೆಲವೇ ತಿಂಗಳಲ್ಲಿ ಅದು ಹಪ್ಪಳದಂತೆ ಏಳುತ್ತದೆ, ಮತ್ತು ಆ ತಿಂಗಳುಗಳು ಮನೆ ತೋರಿಸುವ ತಿಂಗಳುಗಳೇ ಆಗಿರುತ್ತವೆ.

ಬೂಷ್ಟು ಬೆಳೆಯಲು ಒದ್ದೆಯಾದ ವಸ್ತುವಿನ ಮೇಲೆ ಒಂದೆರಡು ದಿನ ಸಾಕು. ಸುಮಾರು ಒಂದು ಚದರ ಮೀಟರಿಗಿಂತ ಕಡಿಮೆ ಹರಡಿದ್ದರೆ ಕೈಗವಸು ಮತ್ತು ಮುಖಗವಸು ಧರಿಸಿ ಸಾಬೂನಿನ ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಬಹುದು. ಅದಕ್ಕಿಂತ ಹೆಚ್ಚಾಗಿದ್ದರೆ ಅನುಭವಿಗಳಿಗೆ ಬಿಡುವುದು ಲೇಸು. ಆತುರದಲ್ಲಿ ಸ್ವಚ್ಛಗೊಳಿಸುವವರಿಗೆ ಒಂದು ಎಚ್ಚರಿಕೆ: ಬ್ಲೀಚನ್ನು ಅಮೋನಿಯಾ ಇರುವ ದ್ರಾವಣದ ಜೊತೆಗಾಗಲಿ, ಶೌಚಾಲಯ ತೊಳೆಯುವ ಆಮ್ಲದ ಜೊತೆಗಾಗಲಿ ಎಂದೂ ಬೆರೆಸಬಾರದು. ಹೊರಬರುವ ಅನಿಲಗಳು ಶ್ವಾಸಕೋಶಕ್ಕೆ ವಿಷ.

ಬಳಸದೆ ಬಿಟ್ಟ ಬಚ್ಚಲಿನಿಂದ ಬರುವ ಚರಂಡಿಯ ವಾಸನೆಗೆ ಬಹುಪಾಲು ಸಲ ಕಾರಣ ಬಲು ಚಿಕ್ಕದು. ನೀರು ಹೊರಹೋಗುವ ಕೊಳವೆಯ ಬಾಗಿದ ಭಾಗದಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು, ಅದೇ ಚರಂಡಿಯ ಗಾಳಿಯನ್ನು ತಡೆಯುತ್ತದೆ. ವಾರಗಟ್ಟಲೆ ಬಳಸದಿದ್ದಾಗ ಆ ನೀರು ಆರಿಹೋಗಿ ದಾರಿ ತೆರೆದುಕೊಳ್ಳುತ್ತದೆ. ಒಂದು ಬಕೆಟ್ ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಈ ಒಂದು ಬಕೆಟ್ ನೀರಿನ ಅಭಾವದಿಂದ ಇಡೀ ಒಳಚರಂಡಿಯೇ ಕೆಟ್ಟಿದೆಯೆಂಬ ಹೆಸರು ಹೊತ್ತ ಮನೆಗಳಿವೆ.

ಬಿರುಕು, ಮರ ಮತ್ತು ತಂತಿ

ಗಿಲಾವಿನ ಮೇಲಿನ ಕೂದಲೆಳೆಯ ಬಿರುಕು ಸಾಮಾನ್ಯವಾಗಿ ಗಾರೆ ಒಣಗುವಾಗ ಕುಗ್ಗಿದ ಗುರುತು. ಅದನ್ನು ಪುಟ್ಟಿಯಿಂದ ತುಂಬಿದರೆ ಮುಗಿಯಿತು. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರಿ ಮೇಲಕ್ಕೆ ಹೋದಂತೆ ಅಗಲವಾಗುವ ಬಿರುಕು, ಇಟ್ಟಿಗೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕು, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು, ಇವು ಬೇರೆ ಜಾತಿಯವು. ಅಡಿಪಾಯ ಅಸಮವಾಗಿ ಕುಸಿದಿರುವ ಸೂಚನೆ ಇವುಗಳಲ್ಲಿ ಇರಬಹುದು. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟು, ವಾರಗಳು ಕಳೆದಂತೆ ಅದು ಗೆರೆಯನ್ನು ದಾಟುತ್ತಿದೆಯೇ ಎಂದು ಗಮನಿಸುವುದು ಹಳೆಯ, ಆದರೆ ಇಂದಿಗೂ ಉಪಯುಕ್ತವಾದ ವಿಧಾನ. ದೊಡ್ಡ ಬಿರುಕಿದ್ದರೆ ಕಟ್ಟಡದ ರಚನೆಯನ್ನು ಬಲ್ಲ ಎಂಜಿನಿಯರರಿಂದ ತಪಾಸಣೆ ಮಾಡಿಸಿ ಬರಹದ ವರದಿ ಪಡೆಯಬೇಕು. ವರದಿ ಕೆಟ್ಟದ್ದನ್ನು ಹೇಳಿದರೂ ಅದು ಕೈಯಲ್ಲಿರುವುದು ಲಾಭವೇ, ಏಕೆಂದರೆ ಆಗ ಮಾತುಕತೆ ಒಂದು ನಿರ್ದಿಷ್ಟ ದುರಸ್ತಿಯ ಬಗ್ಗೆ ನಡೆಯುತ್ತದೆ. ವರದಿ ಇಲ್ಲದಿದ್ದರೆ ಅದೇ ಮಾತುಕತೆ ಮನೆ ಬೀಳುತ್ತದೆಯೋ ಇಲ್ಲವೋ ಎಂಬ ಊಹೆಯ ಸುತ್ತ ತಿರುಗುತ್ತದೆ.

ಮರದ ಚೌಕಟ್ಟುಗಳನ್ನು, ಮುಖ್ಯವಾಗಿ ನೆಲಕ್ಕೆ ತಾಗುವ ಭಾಗವನ್ನು, ಬೆರಳಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು, ಗೋಡೆಯ ಮೇಲೆ ಪೆನ್ಸಿಲಿನಷ್ಟು ಅಗಲದ ಮಣ್ಣಿನ ಕೊಳವೆಗಳು, ಕಿಟಕಿಯ ಬಳಿ ಉದುರಿದ ರೆಕ್ಕೆಗಳು ಕಂಡರೆ ಗೆದ್ದಲು ಇದೆ ಅಥವಾ ಇತ್ತು. ಔಷಧಿ ಹಾಕಿಸಿದ ಬಿಲ್ಲು ಮತ್ತು ಖಾತರಿ ಪತ್ರವನ್ನು ಜೋಪಾನವಾಗಿಡಿ.

ವಿದ್ಯುತ್ತಿನ ವಿಷಯದಲ್ಲಿ ಮನೆಯವರು ತಾವಾಗಿ ಮಾಡಬಹುದಾದದ್ದು ಕಡಿಮೆ. ಸಡಿಲವಾದ ಸ್ವಿಚ್ಚು ಫಲಕ, ಬಳಸುವಾಗ ಬಿಸಿಯಾಗುವ ಪ್ಲಗ್ಗು, ಮಿಣುಕುವ ದೀಪ, ಕಪ್ಪಾದ ಸಾಕೆಟ್ಟುಗಳ ಪಟ್ಟಿ ಮಾಡಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಬೇಕು. ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿದುಹಾಕುವ ಸಾಧನದ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿದ ಕೂಡಲೇ ಸಂಪರ್ಕ ಕಡಿಯಬೇಕು, ಕಡಿಯದಿದ್ದರೆ ಸಾಧನವನ್ನು ಬದಲಿಸಬೇಕು. ಫಲಕದಲ್ಲಿ ಯಾವ ಸ್ವಿಚ್ಚು ಯಾವ ಕೋಣೆಯದೆಂದು ಚೀಟಿ ಅಂಟಿಸಿಡುವುದು ಅರ್ಧ ಗಂಟೆಯ ಕೆಲಸ, ಆದರೆ ತಪಾಸಣೆಗೆ ಬಂದವರ ಮೇಲೆ ಅದು ಬೀರುವ ಪರಿಣಾಮ ಒಂದು ಕೋಣೆಯ ಬಣ್ಣಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹೊಗೆ ಪತ್ತೆಹಚ್ಚುವ ಯಂತ್ರಗಳಿದ್ದರೆ ಅವುಗಳ ಆಯುಸ್ಸು ಸುಮಾರು 10 ವರ್ಷ. ಹಿಂಬದಿಯಲ್ಲಿ ಅಚ್ಚಾದ ತಯಾರಿಕೆಯ ದಿನಾಂಕವನ್ನು ನೋಡಿ ಹಳೆಯದನ್ನು ತೆಗೆಯಿರಿ.

ಈಗ ಬಣ್ಣ

ಸಿಮೆಂಟಿನ ಹೊಸ ಗಿಲಾವು ಮಾಡಿಸಿದ ಜಾಗಕ್ಕೆ ಬಣ್ಣ ಹಚ್ಚಲು ಸುಮಾರು ನಾಲ್ಕು ವಾರ ಕಾಯುವುದು ಕ್ಷೇಮ. ಹಸಿಯಾದ ಗಾರೆಯ ಕ್ಷಾರ ಮತ್ತು ತೇವ ಎರಡೂ ಸೇರಿ ಬಣ್ಣವನ್ನು ಕೆಡಿಸುತ್ತವೆ. ಆರಂಭದಲ್ಲಿ ಎರಡು ಮೂರು ತಿಂಗಳ ಅವಧಿ ಬೇಕೆಂದು ಹೇಳಿದ್ದಕ್ಕೆ ಮುಖ್ಯ ಕಾರಣ ಇದೇ. ಹಲವು ದಶಕಗಳಷ್ಟು ಹಳೆಯ ಮನೆಯಾದರೆ ಕೆಳಗಿನ ಪದರಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ; ಒಣದಾಗಿ ಉಜ್ಜಿದರೆ ಅದರ ಧೂಳು ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ. ಹಾಗೆಯೇ ಹಳೆಯ ಚಾವಣಿಯ ಹಾಳೆ, ಕೊಳವೆಗಳ ಹೊದಿಕೆ ಮತ್ತು ನೆಲದ ಹಾಸುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಂಬ ಅಪಾಯಕಾರಿ ನಾರು, ಇರಬಹುದು. ಪರೀಕ್ಷೆ ಮಾಡಿಸದೆ ಅವುಗಳನ್ನು ಕೊರೆಯುವುದು, ಒಡೆಯುವುದು ಬೇಡ.

ಬಣ್ಣದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ತಿಳಿಯಾದ, ಬೆಳಕನ್ನು ಹಿಂತಿರುಗಿಸುವ ಒಂದೇ ಛಾಯೆಯನ್ನು ಎಲ್ಲ ಕೋಣೆಗಳಿಗೂ ಬಳಸಿದರೆ ಮನೆ ಒಂದಾಗಿ ಕಾಣುತ್ತದೆ. ಒಂದು ಲೀಟರ್ ಬಣ್ಣ ನಯವಾದ ಗೋಡೆಯ ಮೇಲೆ ಒಂದು ಪದರಕ್ಕೆ ಸುಮಾರು 10 ಚದರ ಮೀಟರ್ ಬರುತ್ತದೆಂಬ ಅಂದಾಜಿನಿಂದ ಲೆಕ್ಕ ಹಾಕಬಹುದು. ಎಲ್ಲ ಗೋಡೆಗಳಿಗೆ ಹಣ ಸಾಲದಿದ್ದರೆ, ಒಂದು ಗೋಡೆಯ ನಡುವಿನ ತೇಪೆಗಿಂತ ಆ ಕೋಣೆಯ ನಾಲ್ಕೂ ಗೋಡೆಗಳನ್ನು ಮುಗಿಸುವುದು ವಾಸಿ. ದುರಸ್ತಿಯಾದ ಜಾಗಕ್ಕೆ ಬಣ್ಣ ಹಚ್ಚುವ ಮುನ್ನ, ದುರಸ್ತಿಯ ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಳ್ಳಿ. ಆಗ ಹೊಸ ಬಣ್ಣದ ಹಿಂದೆ ಏನಿದೆ ಎಂಬ ಪ್ರಶ್ನೆಗೆ ತೋರಿಸಲು ಉತ್ತರವಿರುತ್ತದೆ.

ಖರ್ಚು ಮಾಡಬಾರದ ಕಡೆಗಳನ್ನೂ ಹೇಳಬೇಕು. ಮಾರಾಟಕ್ಕೆಂದೇ ಅಡುಗೆಮನೆಯನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿಸುವುದು, ದುಬಾರಿ ಕಲ್ಲಿನ ನೆಲ ಹಾಕಿಸುವುದು, ಅಲಂಕಾರದ ಸುಳ್ಳು ಚಾವಣಿ ಮಾಡಿಸುವುದು, ಇವು ಮಾರುವವರ ಅಭಿರುಚಿಗೆ ಕೊಳ್ಳುವವರಿಂದ ಹಣ ನಿರೀಕ್ಷಿಸುವ ಕೆಲಸಗಳು. ಬಂದವರು ಅದನ್ನು ಕಿತ್ತು ಹಾಕುವ ಖರ್ಚನ್ನೇ ಲೆಕ್ಕ ಹಾಕುತ್ತಿರಬಹುದು. ಕಪಾಟಿನ ಹಿಡಿಕೆ, ಕೀಲು, ಸವೆದ ನಲ್ಲಿ, ಬಚ್ಚಲಿನ ಅಂಚಿನ ಕಪ್ಪಾದ ಸಿಲಿಕೋನ್ ಬದಲಿಸಿದರೆ ಸಾಕು.

ಸಾಮಾನು ಕಡಿಮೆ ಮಾಡುವುದು ಮತ್ತು ಶುಚಿತ್ವ

ನೋಡಲು ಬಂದವರು ಬೀರುಗಳನ್ನು ತೆರೆದು ನೋಡುತ್ತಾರೆ. ಅದು ಸಭ್ಯತೆಯ ಕೊರತೆಯಲ್ಲ. ಗೋಡೆಗೆ ಸೇರಿದ ಕಪಾಟು ಮಾರಾಟದ ಭಾಗವೇ ಆಗಿರುತ್ತದೆ. ತುಂಬಿ ತುಳುಕುವ ಕಪಾಟು ಈ ಮನೆಯಲ್ಲಿ ಜಾಗ ಸಾಲದು ಎಂದು ಹೇಳಿದರೆ, ಅರ್ಧ ಖಾಲಿಯಿರುವ ಅದೇ ಕಪಾಟು ಜಾಗ ಮಿಕ್ಕುತ್ತದೆ ಎಂದು ಹೇಳುತ್ತದೆ. ಆದ್ದರಿಂದ ಹೊಸ ಮನೆಗೆ ಒಯ್ಯುವ, ಆದರೆ ಈಗ ಬೇಕಿಲ್ಲದ ವಸ್ತುಗಳನ್ನು ಈಗಲೇ ಪೆಟ್ಟಿಗೆಗೆ ತುಂಬಿ, ಸಾಧ್ಯವಾದರೆ ಬೇರೆಡೆ ಇರಿಸಿ. ಎಲ್ಲವನ್ನೂ ಒಂದು ಕೋಣೆಗೆ ತುರುಕಿ ಬಾಗಿಲು ಮುಚ್ಚಿದರೆ ಒಂದು ಕೋಣೆಯನ್ನೇ ಮಾರಾಟದಿಂದ ತೆಗೆದಂತಾಗುತ್ತದೆ. ಹಾಗೆಂದು ಪೂರ್ತಿ ಬರಿದು ಮಾಡುವುದೂ ಒಳ್ಳೆಯದಲ್ಲ. ಮಂಚವೋ ಮೇಜೋ ಇಲ್ಲದ ಕೋಣೆಯ ಅಳತೆ ಕಣ್ಣಿಗೆ ಸಿಗುವುದಿಲ್ಲ, ಗೋಡೆಯ ಪ್ರತಿಯೊಂದು ಗೀರೂ ಎದ್ದು ಕಾಣುತ್ತದೆ. ಕೋಣೆ ಯಾವುದಕ್ಕೆ ಎಂಬುದು ತಿಳಿಯುವಷ್ಟು ಪೀಠೋಪಕರಣ ಇರಲಿ, ನಡೆದಾಡುವಾಗ ಯಾರೂ ಓರೆಯಾಗಬೇಕಾಗದಷ್ಟು ಜಾಗ ಉಳಿಯಲಿ.

ಶುಚಿಗೊಳಿಸುವಾಗ ಕಿಟಕಿಯ ಗಾಜಿನಿಂದ ಶುರುಮಾಡಿ, ಏಕೆಂದರೆ ಅದರಿಂದ ಸಿಗುವ ಬೆಳಕಿನಲ್ಲಿ ಉಳಿದ ಕೊಳೆ ಕಾಣುತ್ತದೆ. ಗಡಸು ನೀರಿನ ಬಿಳಿ ಕಲೆಗಳು ವಿನೆಗರ್ ಅಥವಾ ಸಿಟ್ರಿಕ್ ಆಮ್ಲಕ್ಕೆ ಕರಗುತ್ತವೆ. ಆದರೆ ಅಮೃತಶಿಲೆಯೂ ಸುಣ್ಣದ ಜಾತಿಯ ಕಲ್ಲಾದ್ದರಿಂದ ಅದೇ ಆಮ್ಲ ಅದರ ಹೊಳಪನ್ನು ತಿಂದುಹಾಕುತ್ತದೆ. ವಾಸನೆಯನ್ನು ಸುಗಂಧದಿಂದ ಮುಚ್ಚುವ ಪ್ರಯತ್ನ ಬೀರು ಅಡ್ಡ ಇಟ್ಟಂತೆಯೇ. ವಾಸನೆ ಕುಳಿತಿರುವುದು ಪರದೆ, ಹಾಸಿಗೆ, ಕಾಲೊರಸು, ಅಡುಗೆಮನೆಯ ಹೊಗೆಫ್ಯಾನಿನ ಜಿಡ್ಡಿನಲ್ಲಿ. ಅವುಗಳನ್ನು ಒಗೆದು, ತೊಳೆದು, ಕಿಟಕಿಗಳನ್ನು ಕೆಲವು ದಿನ ತೆರೆದಿಟ್ಟರೆ ಹೋಗುತ್ತದೆ.

ದೀಪಗಳ ವಿಷಯದಲ್ಲಿ ಒಂದೇ ಮಾತು: ಒಂದು ಕೋಣೆಯಲ್ಲಿ ಒಂದೇ ಬಗೆಯ ಬೆಳಕಿರಲಿ. 2700ರಿಂದ 3000 ಕೆಲ್ವಿನ್ ಎಂದು ಗುರುತಿಸಿದ ಎಲ್‌ಇಡಿ ಬಲ್ಬು ಹಳದಿಯ ಕಡೆಗೂ 6500 ಕೆಲ್ವಿನ್‌ನದು ನೀಲಿಯ ಕಡೆಗೂ ವಾಲುತ್ತವೆ. ಎರಡನ್ನೂ ಬೆರೆಸಿದರೆ ಹೊಸ ಬಣ್ಣದ ಗೋಡೆಯೂ ತೇಪೆ ಹಾಕಿದಂತೆ ಕಾಣುತ್ತದೆ.

ಫೋಟೋಗಳು

ಈಗ ಹೆಚ್ಚಿನವರು ಮನೆಗೆ ಬರುವ ಮೊದಲು ಅದರ ಚಿತ್ರಗಳನ್ನು ನೋಡಿರುತ್ತಾರೆ. ಹಗಲು ಬೆಳಕಿನಲ್ಲಿ, ಪರದೆಗಳನ್ನು ಸರಿಸಿ, ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಅಂದರೆ ನೆಲದಿಂದ ಸುಮಾರು 1.2ರಿಂದ 1.4 ಮೀಟರ್ ಎತ್ತರದಲ್ಲಿ ನೇರವಾಗಿ ಹಿಡಿದರೆ ಗೋಡೆಯ ಅಂಚುಗಳು ವಾಲುವುದಿಲ್ಲ. ಅತಿ ಅಗಲದ ಲೆನ್ಸಿನಿಂದ ಸಣ್ಣ ಕೋಣೆಯನ್ನು ಸಭಾಂಗಣದಂತೆ ತೋರಿಸಿದರೆ, ಬಂದವರು ಬಾಗಿಲಲ್ಲೇ ಮೋಸಹೋದಂತೆ ಭಾವಿಸುತ್ತಾರೆ. ಬಿರುಕನ್ನೋ ಕಲೆಯನ್ನೋ ಚಿತ್ರದಿಂದ ಅಳಿಸುವುದಂತೂ ವಂಚನೆಯೇ. ಕೋಣೆಗಳ ಅಳತೆ ಬರೆದ ಒಂದು ಸರಳ ನಕ್ಷೆ ಹತ್ತು ಚಿತ್ರಗಳಿಗೆ ಸಮ. ಚಿತ್ರ ಹಂಚುವ ಮುನ್ನ ಅದರ ಕಡತದೊಳಗೆ ಅಡಗಿರಬಹುದಾದ ಸ್ಥಳದ ಮಾಹಿತಿಯನ್ನು ತೆಗೆಯಿರಿ. ಕೀಲಿಗೊಂಚಲು, ಬ್ಯಾಂಕಿನ ಕಾಗದ, ಮಕ್ಕಳ ಚಿತ್ರ, ಕಾವಲು ಯಂತ್ರದ ಫಲಕ ಯಾವುದೂ ಚೌಕಟ್ಟಿನಲ್ಲಿ ಇರಬಾರದು.

ಕಾಗದಗಳ ಕಡತ

ಗೋಡೆಯಷ್ಟೇ ಅನುಮಾನ ಹುಟ್ಟಿಸುವುದು ಕಾಗದ. ಒಡೆತನದ ಪತ್ರ, ಮಂಜೂರಾದ ನಕ್ಷೆ, ತೆರಿಗೆಯ ಮತ್ತು ನೀರು ವಿದ್ಯುತ್ತಿನ ಇತ್ತೀಚಿನ ರಸೀದಿಗಳು, ಸಾಲ ತೀರಿದ್ದರೆ ಅದರ ಋಣಮುಕ್ತ ಪತ್ರ, ಉಪಕರಣಗಳ ಖಾತರಿ, ದುರಸ್ತಿಯ ಬಿಲ್ಲುಗಳು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಜೋಡಿಸಿ. ಎಲ್ಲ ಪತ್ರಗಳಲ್ಲೂ ಹೆಸರಿನ ಅಕ್ಷರಗಳು ಮತ್ತು ಗಡಿಯ ಅಳತೆಗಳು ಒಂದೇ ಆಗಿವೆಯೇ ಎಂದು ಸಾಲುಸಾಲಾಗಿ ಓದಿ ನೋಡಬೇಕು. ಒಂದು ಅಕ್ಷರದ ವ್ಯತ್ಯಾಸವನ್ನು ತಿದ್ದಿಸಲು ವಾರಗಳೇ ಹಿಡಿಯಬಹುದು, ಮತ್ತು ಆ ವಾರಗಳಲ್ಲಿ ಕೊಳ್ಳುವವರು ಬೇರೆ ಮನೆಗಳನ್ನು ನೋಡುತ್ತಿರುತ್ತಾರೆ. ಸಾಲ ಇನ್ನೂ ಬಾಕಿಯಿದ್ದರೆ ಸಾಲ ಕೊಟ್ಟ ಸಂಸ್ಥೆಯಿಂದ ಬಾಕಿಯ ಮೊತ್ತವನ್ನೂ ತೀರುವಳಿಯ ವಿಧಾನವನ್ನೂ ಬರಹದಲ್ಲಿ ಪಡೆಯಿರಿ. ಪಿತ್ರಾರ್ಜಿತ ಅಥವಾ ಜಂಟಿ ಆಸ್ತಿಯಾದರೆ ಸಹಿ ಹಾಕಬೇಕಾದವರೆಲ್ಲರ ಒಪ್ಪಿಗೆ ಜಾಹೀರಾತಿಗೆ ಮೊದಲೇ ಇರಬೇಕು. ಒಬ್ಬ ಸಹೋದರ ದೂರದಲ್ಲಿದ್ದಾರೆ ಎಂಬ ವಿಷಯ ನೋಂದಣಿಯ ಹಿಂದಿನ ದಿನ ಹೊರಬರುವುದು ಯಾರಿಗೂ ಹಿತವಲ್ಲ.

ವಿಸ್ತೀರ್ಣ ಹೇಳುವಾಗ ಅದು ಗೋಡೆಗಳ ಒಳಗಿನ ಅಳತೆಯೋ, ಗೋಡೆಗಳನ್ನು ಸೇರಿಸಿದ್ದೋ, ಸಾಮಾನ್ಯ ಬಳಕೆಯ ಜಾಗದ ಪಾಲೂ ಸೇರಿದೆಯೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಒಂದು ಚದರ ಮೀಟರ್ ಎಂದರೆ 10.764 ಚದರ ಅಡಿ. ನಂತರ ಸೇರಿಸಿದ ಕೋಣೆಗೋ ಮಹಡಿಗೋ ಅನುಮತಿ ಪಡೆದಿಲ್ಲವಾದರೆ ವಕೀಲರನ್ನು ಕಾಣುವ ಸಮಯ ಇದೇ.

ತಿಳಿದಿರುವ ದೋಷಗಳನ್ನು ತಿಳಿಸುವ ಹೊಣೆ ಮಾರುವವರದೆಂದು ಕೆಲವು ಕಡೆ ಕಾನೂನು ಹೇಳುತ್ತದೆ, ಇನ್ನು ಕೆಲವು ಕಡೆ ಪರೀಕ್ಷಿಸಿಕೊಳ್ಳುವ ಹೊಣೆ ಬಹುಮಟ್ಟಿಗೆ ಕೊಳ್ಳುವವರದು. ನಿಮ್ಮ ಕಡೆಯ ನಿಯಮ ಯಾವುದೇ ಇರಲಿ, ಒಂದು ಪುಟದ ದೋಷಪಟ್ಟಿಯನ್ನು ಬರೆದು ಕಡತದ ಮೇಲೆಯೇ ಇಡಬೇಕೆಂದು ನಾನು ಒತ್ತಿ ಹೇಳುತ್ತೇನೆ: ಯಾವ ವರ್ಷ ಎಲ್ಲಿ ಸೋರಿತ್ತು, ಯಾರು ಹೇಗೆ ಸರಿಪಡಿಸಿದರು, ಅನಂತರ ಎಷ್ಟು ಮಳೆಗಾಲ ಕಳೆದಿದೆ, ಈಗಲೂ ಸರಿಯಾಗದೆ ಉಳಿದಿರುವುದು ಯಾವುದು. ಇಂಥ ಹಾಳೆಯನ್ನು ಕೊಟ್ಟವರ ಉಳಿದ ಮಾತುಗಳನ್ನೂ ಕೊಳ್ಳುವವರು ನಂಬುತ್ತಾರೆ. ಅದರ ಜೊತೆಗೇ ಮನೆಯೊಂದಿಗೆ ಬಿಟ್ಟುಹೋಗುವ ಮತ್ತು ಒಯ್ಯುವ ವಸ್ತುಗಳ ಪಟ್ಟಿಯೂ ಇರಲಿ. ದೀಪ, ಫ್ಯಾನು, ನೀರು ಕಾಯಿಸುವ ಯಂತ್ರ, ಪರದೆಯ ಕಂಬಿ, ಅಂಗಳದ ಗಿಡಗಳ ವಿಷಯದಲ್ಲಿ ಕೊನೆಯ ದಿನ ಜಗಳವಾಗುವುದುಂಟು. ಒಯ್ಯಲೇಬೇಕೆಂಬ ಆಸೆಯಿರುವ ತೂಗುದೀಪವಿದ್ದರೆ ಜನರಿಗೆ ತೋರಿಸುವ ಮೊದಲೇ ಅದನ್ನು ಇಳಿಸಿ ಬೇರೊಂದನ್ನು ಹಾಕಿಬಿಡುವುದು ಉತ್ತಮ.

ಮನೆ ತೋರಿಸುವ ದಿನ

ಒಡವೆ, ಹಣ, ಔಷಧಿಗಳು, ಬಿಡಿ ಕೀಲಿಗಳು ಮತ್ತು ಮೂಲ ದಾಖಲೆಗಳು ಆ ದಿನ ಮನೆಯಲ್ಲಿ ಇರಬಾರದು. ತೋರಿಸಲು ನಕಲು ಪ್ರತಿ ಸಾಕು. ಸಾಕುಪ್ರಾಣಿಯನ್ನು ಬೇರೆಡೆ ಬಿಡಿ. ಬಂದವರ ಬೆನ್ನಿಗೇ ಕೋಣೆಯಿಂದ ಕೋಣೆಗೆ ನಡೆಯುತ್ತಾ ಪ್ರತಿಯೊಂದನ್ನೂ ಹೊಗಳುವುದಕ್ಕಿಂತ, ಒಮ್ಮೆ ಸುತ್ತು ತೋರಿಸಿ, ಅವರು ತಮ್ಮಷ್ಟಕ್ಕೆ ಮಾತಾಡಿಕೊಳ್ಳಲು ಕಣ್ಣಳತೆಯ ದೂರಕ್ಕೆ ಸರಿದು ನಿಲ್ಲುವುದು ಮೇಲು. ಏಕೆ ಮಾರುತ್ತಿದ್ದೀರಿ, ನೀರು ಎಷ್ಟು ಹೊತ್ತು ಬರುತ್ತದೆ, ರಾತ್ರಿ ಸದ್ದು ಇರುತ್ತದೆಯೇ, ವಿದ್ಯುತ್ ಬಿಲ್ಲು ಎಷ್ಟು ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಮನೆಯ ಎಲ್ಲ ಸದಸ್ಯರೂ ಇವಕ್ಕೆ ಒಂದೇ ಉತ್ತರ ಕೊಡುವಂತಿರಬೇಕು, ಮತ್ತು ಆ ಉತ್ತರ ನಿಜವಾಗಿದ್ದರೆ ಅದಕ್ಕಾಗಿ ಅಭ್ಯಾಸ ಮಾಡಬೇಕಾಗಿಲ್ಲ.

ಮನೆಯನ್ನು ಖಾಲಿ ಮಾಡಿದ ಮೇಲೂ ಮಾರಾಟ ಮುಗಿದಿರದಿದ್ದರೆ, ವಾರಕ್ಕೊಮ್ಮೆ ಯಾರಾದರೂ ಹೋಗಿ ಕಿಟಕಿ ತೆರೆದು, ಪ್ರತಿ ನಲ್ಲಿಯಲ್ಲೂ ನೀರು ಹರಿಸಿ, ಬಚ್ಚಲಿನ ಕೊಳವೆಗಳಿಗೆ ನೀರು ಸುರಿದು ಬರುವ ವ್ಯವಸ್ಥೆ ಇರಲಿ. ಹಸ್ತಾಂತರದ ದಿನ ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂಕಿಯನ್ನು ಇಬ್ಬರ ಎದುರಿನಲ್ಲೇ ಫೋಟೋ ತೆಗೆದು, ಅಂತರಜಾಲಕ್ಕೆ ಜೋಡಿಸಿದ ಬೀಗ ಮತ್ತು ಕ್ಯಾಮೆರಾಗಳಿಂದ ನಿಮ್ಮ ಖಾತೆಯನ್ನು ಅಳಿಸಿ, ಮುಖ್ಯ ನೀರಿನ ಕವಾಟ ಎಲ್ಲಿದೆಯೆಂದು ಹೊಸಬರನ್ನು ಕರೆದೊಯ್ದು ತೋರಿಸಿ, ಉಳಿದ ಬಣ್ಣದ ಡಬ್ಬಿಯ ಮೇಲೆ ಅದು ಯಾವ ಕೋಣೆಯದೆಂದು ಬರೆದು ಕಪಾಟಿನಲ್ಲಿ ಬಿಟ್ಟು ಬನ್ನಿ.